ಮೀನಿನ ಕಾಗದದ ಮದುವೆ

ತನಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದೇ ಫ್ರಾದೆಲ್‌ಗೆ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದಾಗ ಖಂಡಿತ ಆಗಿರಲಿಲ್ಲ.

ತಪ್ಪೆಲ್ಲ ಜೆಲಿಗ್‌ನದು. ಆಂಟ್‌ವೆರ್ಪ್ ಬಂದರಿನಲ್ಲಿ ಅಮೆರಿಕದ ಹಡಗಿಗೆ ಕಾಯುವ ಯಹೂದಿಗಳ ಚಿತ್ರವನ್ನು ಇದ್ದಿಲಿನಲ್ಲಿ ಬರೆಯುವುದು ಅವನ ಹುಚ್ಚು. ಅವನೂ ಯಹೂದಿಯೇ, ಇದೇ ಊರಿನ ವಜ್ರ ಉಜ್ಜುವವನೊಬ್ಬನ ಮಗ. ಗಂಟುಮೂಟೆಗೆ ಒರಗಿ ಮಲಗಿದ ಅಜ್ಜಿಯರು, ಎಳೆಮಕ್ಕಳು, ಒದ್ದೆ ಬೂಟುಗಳು, ಎಲ್ಲ ಅವನ ಚಿತ್ರಗಳಲ್ಲಿದ್ದವು. ನಗುವ ಮುಖ ಮಾತ್ರ ಒಂದೂ ಇರಲಿಲ್ಲ. ಕಣ್ಣಿಗೆ ಸೋಂಕಿದೆಯೆಂದು ಹಡಗು ಹತ್ತಿಸದೆ ಬಿಟ್ಟಿದ್ದರಿಂದ ಅಲ್ಲೇ ಉಳಿದಿದ್ದ ಹುಡುಗಿ ಫ್ರಾದೆಲ್ ಅದನ್ನು ನೋಡಿ ಸುಮ್ಮನಿರಲಿಲ್ಲ.

“ನಾವು ನಗೋದೇ ಇಲ್ವಾ? ಎಲ್ರನ್ನೂ ಸಾವಿನ ಮನೆಗೆ ಬಂದವರ ಹಾಗೆ ಬರ್ದಿದ್ದೀರಲ್ಲ.”

“ನೀವು ನಗಿ, ಬರೀತೀನಿ.”

ಅಂದಿನಿಂದ ದಿನವೂ ಬಂದ. ಅವನು ಮುಖ ದಿಟ್ಟಿಸುವಾಗ ತಾನು ಎಲ್ಲಿ ನೋಡಬೇಕೆಂದು ಅವಳಿಗೆ ತೋಚುತ್ತಿರಲಿಲ್ಲ. ಅವನ ನೋಟ ಕಿವಿಯ ಹತ್ತಿರ ತಡೆದು ನಿಂತರೆ ಕಿವಿ ಬಿಸಿಯಾಗುತ್ತಿತ್ತು. ಚಿತ್ರಕ್ಕಾಗಿ ನೋಡುತ್ತಾನೋ, ತನಗಾಗಿ ನೋಡುತ್ತಾನೋ? ಬಾಯಿಬಿಟ್ಟು ಕೇಳುವುದು ಹೇಗೆ? ನ್ಯೂಯಾರ್ಕಿನಲ್ಲಿರುವ ಅಣ್ಣ ಅವಳಿಗೆ ಅಲ್ಲಿಯ ಒಬ್ಬ ದರ್ಜಿಯನ್ನು ವರನಾಗಿ ಗೊತ್ತುಮಾಡಿದ್ದ. ಕಣ್ಣೂ ವಾಸಿಯಾಗಿತ್ತು. ನಾಳೆ ಬೆಳಿಗ್ಗೆ ಹಡಗು.

ಇಂದು ಜೆಲಿಗ್‌ನ ಕಾಗದ ಮುಗಿದಿತ್ತು. ಹೆರಿಂಗ್ ಮೀನು ಕಟ್ಟಿಕೊಟ್ಟಿದ್ದ ಕಾಗದದ ಮೇಲೆಯೇ ಅವಳ ನಗು ಬರೆದ. ಅದು ತನಗೆ ಬೇಕೆಂದು ಅವಳು ಕೈಚಾಚಿದಳು. ಕೊಡುವಾಗ ಅವನು, ಯಹೂದಿ ಮದುವೆಯಲ್ಲಿ ಮದುಮಗ ಉಂಗುರ ತೊಡಿಸುತ್ತಾ ಹೇಳುವ ಮಾತನ್ನೇ ತಮಾಷೆಗೆ ತಿರುಗಿಸಿ ಹೇಳಿಬಿಟ್ಟ.

“ನೋಡು, ಈ ಚಿತ್ರದಿಂದ ನೀನು ನನ್ನವಳಾದೆ, ಮೋಶೆಯ ಧರ್ಮದಂತೆ, ಇಸ್ರೇಲಿನ ಪದ್ಧತಿಯಂತೆ.”

ಫ್ರಾದೆಲ್ ನಗುತ್ತಲೇ ತೆಗೆದುಕೊಂಡಳು. ಪಕ್ಕದ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಅವಳ ಊರಿನ ಇಬ್ಬರು ಮುದುಕರು ನಗಲಿಲ್ಲ. ಅವರಲ್ಲಿ ಹಿರಿಯನಾದ ಹೆಶೆಲ್ ಲೋಟ ಕೆಳಗಿಟ್ಟ.

“ಇವನು ಕೊಟ್ಟ, ಹೇಳಿದ. ಇವಳು ತಗೊಂಡ್ಲು. ನಾವಿಬ್ರು ಸಾಕ್ಷಿ. ಆಗೇಹೋಯ್ತಲ್ಲಪ್ಪ ಮದುವೆ.”

ತಮಾಷೆಗೆ ಅಂದೆ ಎಂದು ಜೆಲಿಗ್ ಬಡಬಡಿಸಿದ. ಉಂಗುರವೇ ಆಗಬೇಕೆಂದಿಲ್ಲ, ಬೆಲೆಯುಳ್ಳ ಯಾವ ವಸ್ತುವಾದರೂ ಸಾಕು ಎಂದು ಮುದುಕರು ಪಟ್ಟು ಹಿಡಿದರು. ವಿಚ್ಛೇದನವಿಲ್ಲದೆ ಇವಳು ಇನ್ನೊಬ್ಬನ ಕೈಹಿಡಿಯುವ ಹಾಗಿಲ್ಲ ಎಂದೂ ಸೇರಿಸಿದರು.

ನಾಲ್ವರೂ ಧರ್ಮಗುರು ರಬ್ಬಿಯ ಮನೆಗೆ ಹೊರಟರು. ಗಂಡನಾಗಿದ್ದರೆ ಪಕ್ಕದಲ್ಲಿ ನಡೆಯಬೇಕು, ಅಲ್ಲದಿದ್ದರೆ ದೂರ. ಜೆಲಿಗ್ ಹತ್ತಿರ ಬಂದು, ಮತ್ತೆ ದೂರ ಸರಿದು, ಕುದುರೆಗಾಡಿಯೊಂದರ ಅಡಿಗೆ ಸಿಕ್ಕುವುದರಲ್ಲಿದ್ದ.

ನಡೆದದ್ದನ್ನೂ, ನಾಳೆಯ ಹಡಗು, ದರ್ಜಿಯ ವಿಷಯವನ್ನೂ ಮುದುಕರಿಂದ ಕೇಳಿದ ರಬ್ಬಿ ಕಾಗದವನ್ನು ಮೂಸಿ ಮುಖ ಕಿವುಚಿದರು. ಚಿಕ್ಕಾಸಿನ ಬೆಲೆಯಾದರೂ ಇದ್ದರೆ ಮದುವೆ, ಇಲ್ಲದಿದ್ದರೆ ಬರೀ ಹುಡುಗಾಟ, ಹುಡುಗಿ ನಿಶ್ಚಿಂತೆಯಿಂದ ಹಡಗು ಹತ್ತಬಹುದು ಎಂದರು. ಮೀನು ಕಟ್ಟಿದ ಹಳೇ ಕಾಗದಕ್ಕಂತೂ ಬೆಲೆಯಿಲ್ಲ. ಚಿತ್ರಕ್ಕೆ?

ಜೆಲಿಗ್ ನೆಲ ನೋಡಿದ. “ಇಲ್ಲ ರಬ್ಬಿ. ನನ್ನ ಚಿತ್ರ ಇಲ್ಲೀವರೆಗೂ ಯಾರೂ ಕೊಂಡಿಲ್ಲ. ಏನೂ ಬೆಲೆ ಇಲ್ಲ.”

ಫ್ರಾದೆಲ್‌ಗೆ ಸಮಾಧಾನವಾಗಬೇಕಿತ್ತು. ಅಳು ಬಂತು. ಬಿಡುಗಡೆ ಕೊಡುತ್ತಿದ್ದಾನೋ, ಕೈತೊಳೆದುಕೊಳ್ಳುತ್ತಿದ್ದಾನೋ? ತನಗಾದರೂ ಬೇಕಿರುವುದೇನು? ಇಷ್ಟೆಲ್ಲ ಗೊಂದಲದಲ್ಲಿ ಆ ದರ್ಜಿ ಕೈತಪ್ಪುತ್ತಾನೆಂದು ಒಮ್ಮೆಯೂ ಸಂಕಟವಾಗಿರಲಿಲ್ಲ ಎಂಬುದು ಆಗ ಹೊಳೆಯಿತು.

“ನನ್ನ ಮುಖ ನೋಡಿ ಹೇಳು, ತಮಾಷೆನಾ ಅದು?” ಎಂದಳು. ಇಷ್ಟು ದಿನದ ಬಹುವಚನ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಜೆಲಿಗ್ ತಲೆಯೆತ್ತಿದ. “ಬಾಯಲ್ಲಿ ತಮಾಷೆ. ಮನಸ್ಸಲ್ಲಿ ಅಲ್ಲ. ನೀನಂದ್ರೆ ನಂಗೆ ಪ್ರಾಣ, ಫ್ರಾದೆಲ್. ಆದ್ರೆ ಬೆಲೆ ಇದೆ ಅಂದುಬಿಟ್ರೆ, ನಿನ್ನ ಮೋಸದಲ್ಲಿ ಕಟ್ಟಿಹಾಕಿದ ಹಾಗಾಗುತ್ತೆ.”

ಅವಳು ರಬ್ಬಿಯ ಕಡೆ ತಿರುಗಿದಳು. “ತಗೊಂಡೋಳು ನಾನು. ಬೆಲೆ ಎಷ್ಟು ಅಂತ ನನ್ನ ಕೇಳಿ.”

ರಬ್ಬಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಯೋಚಿಸಿ ಹೇಳು ಮಗಳೇ. ಬೆಲೆ ಇದೆ ಅಂದ್ಯೋ, ನೀನು ಇವನ ಹೆಂಡತಿ. ನಾಳೆ ಹಡಗೂ ಇಲ್ಲ, ಆ ದರ್ಜಿನೂ ಇಲ್ಲ.”

ಫ್ರಾದೆಲ್ ಮೀನು ನಾರುವ ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡಳು. ಆಮೇಲೆ ಹೆಗಲ ಮೇಲಿದ್ದ ಶಾಲನ್ನು, ಮದುವೆಯಾದ ಹೆಂಗಸರು ಕೂದಲು ಮುಚ್ಚಿಕೊಳ್ಳುವಂತೆ, ತಲೆಯ ಮೇಲೆ ಎಳೆದುಕೊಂಡಳು.