2012ರ ಕೇಸ್ ಪೇಪರ್

ಸೋಮವಾರ, 10 ನವೆಂಬರ್ 2025, ಬೆಳಿಗ್ಗೆ 9-40. ಇಂಡಿ ಪಟ್ಟಣದಲ್ಲಿ ಮಾನಸಿಕ ರೋಗಗಳ ಖಾಸಗಿ ದವಾಖಾನೆ ಇಟ್ಟಿರುವ ವೈದ್ಯರು ಖುದ್ದಾಗಿ ಠಾಣೆಗೆ ಬಂದರು. ರವಿವಾರ ಮಧ್ಯಾಹ್ನ ದವಾಖಾನೆ ಬಂದ್ ಇದ್ದಾಗ ಯಾರೋ ಹಿಂಬಾಗಿಲ ಕೀಲಿ ಒಡೆದಿದ್ದಾರೆ. ಗಲ್ಲಾ ಮುಟ್ಟಿಲ್ಲ, ಕಂಪ್ಯೂಟರ್ ಮುಟ್ಟಿಲ್ಲ. ಹೋದದ್ದು ಒಬ್ಬ ರೋಗಿಯ ಹಳೆಯ ಕೇಸ್ ಪೇಪರ್.

ಪಿಎಸ್‌ಐ ಫಕ್ರುದ್ದೀನ ಎರಡು ದಿನದ ಬಂದೋಬಸ್ತ್ ಮುಗಿಸಿ ಆಗತಾನೆ ಕುರ್ಚಿಗೆ ಒರಗಿದ್ದರು. ಇನ್ನು ರದ್ದಿ ಕಾಗದಕ್ಕೂ ಕಳ್ಳರು ಹುಟ್ಟಿದರಲ್ಲ ಎಂದು ಗೊಣಗುತ್ತಲೇ ಎಫ್‌ಐಆರ್ ದಾಖಲಿಸಿದರು. ಭಾರತೀಯ ನ್ಯಾಯ ಸಂಹಿತೆ, ಕಲಂ 305, 331(3).

11-15ಕ್ಕೆ ಸ್ಥಳ ಪಂಚನಾಮೆ. ಮೂರು ವರ್ಷದ ಕಾಗದದ ಗಂಟುಗಳನ್ನು ಬಿಚ್ಚಿ ಹಾಳೆ ಹಾಳೆಯನ್ನೂ ಮಗುಚಿ ಹಾಕಲಾಗಿತ್ತು. ಇಲ್ಲದ ಹಾಳೆ ಯಾವುದೆಂದು ರಿಜಿಸ್ಟರ್ ಹೇಳಿತು: ಇಸವಿ 2012. ಮುತ್ತುರಾಜ, ವಯಸ್ಸು 14, ಲಚ್ಯಾಣ. ಹೆಣ್ಣಿನಂತೆ ವರ್ತನೆ, ಮನೋವಿಕಾರ. ಅಷ್ಟಕ್ಕೇ ಆ ಮಗುವಿಗೆ ಆರು ತಿಂಗಳು ಗುಳಿಗೆ ನುಂಗಿಸಿದ್ದರು.

ಆ ಮುತ್ತುರಾಜ ಈಗ ಸಾಕ್ಷಿ ಎಂಬ ಹೆಸರಿನ ಹೆಣ್ಣುಮಗಳು. ಲಿಂಗತ್ವ ಅಲ್ಪಸಂಖ್ಯಾತರ ಮೀಸಲಾತಿಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿಯಾಗಿ ಆಯ್ಕೆಯಾಗಿದ್ದಳು. ಹುಚ್ಚು ಹಿಡಿದವರನ್ನು ಮಕ್ಕಳ ಮುಂದೆ ನಿಲ್ಲಿಸಬೇಡಿ ಎಂದು ಸ್ವಂತ ಕಾಕಾನೇ ಅರ್ಜಿ ಕೊಟ್ಟಿದ್ದ. ಗುರುವಾರ ವಿಚಾರಣೆ, ಅದಕ್ಕೆ ಆ ಕಾಗದವನ್ನು ಕಳಿಸಿರೆಂದು ಶಿಕ್ಷಣ ಇಲಾಖೆ ವೈದ್ಯರಿಗೆ ಬರೆದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರುವ ಹಾಗಿರಲಿಲ್ಲ.

ಮಧ್ಯಾಹ್ನ ಝಳಕಿಯ ಬಾಡಿಗೆ ಮನೆಯಲ್ಲಿ ಸಾಕ್ಷಿಯ ವಿಚಾರಣೆ. ರವಿವಾರ ಇಡೀ ದಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳೆಂದು ನಾಲ್ಕು ಮನೆಯವರು ಹೇಳಿಕೆ ಕೊಟ್ಟರು.

"ನಾ ಕದ್ರ ಆ ಕಾಗದ ಖರೇನ ಆಗ್ತೈತಿ, ಸಾಹೇಬ್ರ," ಎಂದಳು ಆಕೆ.

ಮರುದಿನ ಹೆಡ್ ಕಾನ್ಸ್‌ಟೇಬಲ್ ಇಂದ್ರಾಬಾಯಿ ಮತ್ತೆ ದವಾಖಾನೆಗೆ ಹೋಗಿ ಆ ಗಂಟುಗಳ ಮುಂದೆ ಕೂತರು. ರಿಜಿಸ್ಟರಿನಲ್ಲಿ ಹೆಸರಿದೆ, ನಂಬರಿದೆ; ಓದುಬಲ್ಲವರಿಗೆ ಎರಡು ನಿಮಿಷದ ಕೆಲಸ. ಮಕ್ಕಳ ಕಾಗದಗಳಿಗೆ ಮಾತ್ರ ಫೋಟೋ ಚುಚ್ಚಿದ್ದರು.

"ಕದ್ದವ್ರಿಗೆ ಓದಾಕ ಬರಂಗಿಲ್ರಿ. ಮಾರಿ ನೋಡಿ ತಗದಾರ," ಎಂದು ಸಾಹೇಬರಿಗೆ ಫೋನ್ ಮಾಡಿದರು.

ಕಳೆದ ವಾರ ಒಬ್ಬ ಮುದುಕಿ ಬಂದು ಆ ಕಾಗದ ಹರಿದು ಒಗೆಯಿರಿ ಎಂದು ಅತ್ತಿದ್ದೂ, ತಾವು ಆಕೆಯನ್ನು ಹೊರಗೆ ಕಳಿಸಿದ್ದೂ ವೈದ್ಯರಿಗೆ ಆಗ ನೆನಪಾಯಿತು.

ಲಚ್ಯಾಣ, ಮಧ್ಯಾಹ್ನ 3-10. ಸಾಕ್ಷಿಯ ತಾಯಿ ಗುಂಡವ್ವ ಜೋಳ ಹಸನು ಮಾಡುತ್ತಿದ್ದಳು. ಪೊಲೀಸರನ್ನು ಕಂಡು ಮೊರ ಕೆಳಗಿಟ್ಟು ಎದ್ದಳು; ಸುಳ್ಳು ಹೇಳಲಿಲ್ಲ. ಕಾಗದ ಒಲೆಗೆ ಹೋಗಿತ್ತು. ಫೋಟೋ ಸುಡಲು ಮನಸ್ಸಾಗದೆ ಟ್ರಂಕಿನಲ್ಲಿಟ್ಟಿದ್ದಳು. ಪಂಚರ ಸಮಕ್ಷಮ ಅದನ್ನು ಜಪ್ತಿ ಮಾಡಿದರು.

"ಅವತ್ತ ನನ್ನ ಕೂಸಿಗೆ ಹುಚ್ಚು ಅಂತ ಹೆಬ್ಬೆಟ್ಟು ಒತ್ತಿದಾಕಿ ನಾನರಿ. ಅದನ್ನ ನಾನ ತಗೀಬೇಕಲ್ರಿ?"

ಕಾಗದ ಸುಟ್ಟರೂ ರಿಜಿಸ್ಟರಿನ ಸಾಲು ಹಾಗೇ ಇತ್ತು; ಅದು ಗುಂಡವ್ವನಿಗೆ ಗೊತ್ತಿರಲಿಲ್ಲ.

ಠಾಣೆ, ಸಂಜೆ 5-20. ಕಾನೂನಿನ ಪ್ರಕಾರ ಸೂರ್ಯ ಮುಳುಗುವ ಮೊದಲು ಹೆಣ್ಣುಮಗಳ ದಸ್ತಗಿರಿ ಮುಗಿಯಬೇಕು. ಫಕ್ರುದ್ದೀನರಿಗೆ ಸಾಕಾಗಿ ಹೋಗಿತ್ತು. ಈ ಮುದುಕಿಯನ್ನು ಜೈಲಿಗೆ ಕಳಿಸುವುದು ಅವರಿಗೆ ಬೇಡವಾಗಿತ್ತು.

"ಅವ್ವಾ, ತಲಿ ಸರಿ ಇರಲಿಲ್ಲ, ಅದಕ್ಕ ಕದ್ದಾಳ ಅಂತ ಬರೀತೇನಿ. ಜಾಮೀನು ಲಗೂನ ಸಿಗ್ತೈತಿ."

ಗುಂಡವ್ವ ಮೇಜಿನ ಅಂಚು ಹಿಡಿದು ನಿಂತಳು.

"ಬ್ಯಾಡ್ರಿ. ಅವ್ವಗ ಹುಚ್ಚು ಅಂತ ಬರದ್ರ, ನಾಳೆ ಮಗಳಿಗೂ ಅದನ್ನ ಹಚ್ತಾರ. ಕಳ್ಳಿ ಅಂತನ ಬರೀರಿ."

ಫಕ್ರುದ್ದೀನ ಹೊಸ ಹಾಳೆ ತೆಗೆದುಕೊಂಡರು. ಆಮೇಲೆ ಬರೆದರು: ಆರೋಪಿಯ ಬುದ್ಧಿ ಸ್ಥಿಮಿತದಲ್ಲಿದೆ. ಮಗಳ ಸಲುವಾಗಿ ಕಳ್ಳತನ ಮಾಡಿದ್ದಾಗಿ ಒಪ್ಪಿಕೊಂಡಿರುತ್ತಾಳೆ.

ಬರೆದದ್ದನ್ನು ಇಂದ್ರಾಬಾಯಿ ಆಕೆಗೆ ಓದಿ ಹೇಳಿದರು. ಗುಂಡವ್ವ ಇನ್ನೊಮ್ಮೆ ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿದಳು.