ಎಂಟಕ್ಕೆ ಬರ್ತೀನಿ ಅಂದವನು

"ಹೊಸ್ತಿಲು ತುಳೀಬೇಡಿ!"

ಪ್ರಣತಿ ಬೆಚ್ಚಿಬಿದ್ದಳು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಯಾರೋ ತೋಳು ಹಿಡಿದು ಹಿಂದಕ್ಕೆ ಎಳೆದರು.

ಕನ್ನಡ! ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲಿ, ಮೈನಸ್ ಇಪ್ಪತ್ತೆಂಟು ಡಿಗ್ರಿ ಚಳಿಯಲ್ಲಿ, ಇಷ್ಟು ಜೋರಾದ ಕನ್ನಡ!

"ಸಾರಿ... ಇಲ್ಲಿ ಹೊಸ್ತಿಲು ತುಳಿದ್ರೆ ಮನೆ ಯಜಮಾನನ ಕತ್ತು ತುಳಿದ ಹಾಗೆ. ನಾನು ಸುಹಾಸ. ಪರ್ತ್‌ನವನು. ಇಲ್ಲಿ ಮೈನಿಂಗ್ ಕಂಪನೀಲಿ ಎಂಜಿನಿಯರ್."

"ನಾನು ಕನ್ನಡದವಳು ಅಂತ ಹೇಗೆ ಗೊತ್ತಾಯ್ತು?"

"ಗೇಟಿಂದ ಇಲ್ಲಿವರೆಗೂ 'ಅಯ್ಯಪ್ಪಾ, ಏನ್ ಚಳಿ' ಅಂತ ಗೊಣಗ್ತಾ ಬಂದ್ರಲ್ಲ!"

ಅವಳಿಗೆ ಸಿಟ್ಟು, ನಗು ಎರಡೂ ಒಟ್ಟಿಗೇ ಬಂದವು. ಅವನು ಹಿಡಿದಿದ್ದ ತೋಳು ಮಾತ್ರ ಯಾಕೋ ಬೆಚ್ಚಗಿತ್ತು...

ಪ್ರಣತಿ ಮೈಸೂರಿನವಳು. ಬ್ರಿಸ್ಬೇನ್‌ನ ವಿಶ್ವವಿದ್ಯಾಲಯದ ಸೇಂಟ್ ಲೂಸಿಯಾ ಕ್ಯಾಂಪಸ್ಸಿನಲ್ಲಿ ಗಾಳಿಯ ಮಾಲಿನ್ಯದ ಸಂಶೋಧಕಿ. ಹುಲ್ಲುಗಾವಲಿನಲ್ಲಿ ಕುರಿ, ಕುದುರೆ ಕಳೆದುಕೊಂಡ ಅಲೆಮಾರಿ ಕುಟುಂಬಗಳು ಈ ನಗರದ ಗುಡ್ಡಗಳ ಮೇಲೆ 'ಗೆರ್' ಎಂಬ ಗುಂಡನೆಯ ಉಣ್ಣೆ ಡೇರೆ ಹಾಕಿಕೊಂಡು, ಕಲ್ಲಿದ್ದಲ ಒಲೆಯ ಮುಂದೆ ಚಳಿಗಾಲ ಕಳೆಯುತ್ತವೆ. ಆ ಹೊಗೆಯನ್ನು ಅಳೆಯಲು ಅವಳು ಹನ್ನೆರಡು ದಿನಗಳ ಮಟ್ಟಿಗೆ ಬಂದಿದ್ದಳು.

ಆ ಗೆರ್ ಓಯುನ್ ಅಜ್ಜಿಯದು. ಸುಹಾಸನ ಆಫೀಸಿನ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದ ಒಂಟಿ ಮುದುಕಿ; ಒಬ್ಬನೇ ಮಗ ಊರಾಚೆಯ ಹುಲ್ಲುಗಾವಲಿನಲ್ಲಿ ಕುರಿ ಕಾಯುತ್ತಿದ್ದ. ಪ್ರತಿ ಭಾನುವಾರ ಅವನು ಅಜ್ಜಿಗೆ ಕಲ್ಲಿದ್ದಲ ಚೀಲ ತಂದುಕೊಡುತ್ತಿದ್ದ. ಅಜ್ಜಿ ಇಬ್ಬರಿಗೂ ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟಳು. ಪ್ರಣತಿ ಮುಖ ಕಿವುಚಿದಳು. ಸುಹಾಸ ಬಿದ್ದು ಬಿದ್ದು ನಕ್ಕ.

ಅಂದಿನಿಂದ ಅವನೇ ಅವಳ ದುಭಾಷಿ. ಮಧ್ಯಾಹ್ನದ ಬಿಡುವಿನಲ್ಲಿ ಬರುತ್ತಿದ್ದ. ಮನೆಮನೆಗೆ ಹತ್ತಿ, ಇಳಿದು, ಉಪಕರಣ ಜೋಡಿಸಿ... ಹನ್ನೆರಡು ದಿನ ಹೇಗೆ ಕಳೆದವೋ!

ಆರು ವರ್ಷಗಳಲ್ಲಿ ನಾಲ್ಕು ಮನೆ ಬದಲಿಸಿದ ಹುಡುಗಿ ಅವಳು. ಒಂದು ಊರಿಗೆ ಒಗ್ಗುವ ಮುನ್ನವೇ ಮುಂದಿನ ಊರಿಗೆ ಅರ್ಜಿ. ಏಪ್ರಿಲ್‌ನಿಂದ ಅಡಿಲೇಡ್‌ನಲ್ಲಿ ಹೊಸ ಕೆಲಸ ಕಾದಿತ್ತು. ಇಲ್ಲಿಂದ ಹೊರಡುವ ಸೂಟ್‌ಕೇಸನ್ನು ಮಾತ್ರ ತುಂಬದೇ ಮುಂದೂಡುತ್ತಲೇ ಇದ್ದಳು.

ಕೊನೆಯ ಸಂಜೆ ಹೋಟೆಲಿನ ಬಾಗಿಲಲ್ಲಿ ಅವಳೇ ಬಾಯಿಬಿಟ್ಟಳು.

"ಸುಹಾಸ್... ನಂಗೆ ಹೋಗೋಕೆ ಮನಸ್ಸಿಲ್ಲ. ಊರಿಗೋಸ್ಕರ ಅಲ್ಲ... ನಿಮಗೋಸ್ಕರ."

ಅವನು ಟೋಪಿ ಕೆಳಗೆಳೆದುಕೊಂಡ. ರೆಪ್ಪೆಗಳ ಮೇಲೆ ಹಿಮ ಕಟ್ಟಿತ್ತು. "ಬೆಳಿಗ್ಗೆ ಎಂಟಕ್ಕೆ ಬರ್ತೀನಿ. ಏರ್‌ಪೋರ್ಟ್‌ಗೆ ನಾನೇ ಬಿಡ್ತೀನಿ," ಎಂದಷ್ಟೇ ಹೇಳಿ ಹೋದ.

ಎಂಟಾಯಿತು. ಎಂಟೂವರೆಯಾಯಿತು. ಫೋನ್ ಸ್ವಿಚ್ ಆಫ್!

ಇದೇ ಅವನ ಉತ್ತರ... ಎಷ್ಟು ಸುಲಭವಾಗಿ ಹೇಳಿಬಿಟ್ಟ!

ವಿಮಾನ ಹತ್ತುವ ಮುನ್ನ ಅವಳು ಅವನ ನಂಬರ್ ಬ್ಲಾಕ್ ಮಾಡಿದಳು.

ಬ್ರಿಸ್ಬೇನ್‌ನಲ್ಲಿ ಉರಿಬಿಸಿಲು. ಪ್ರಣತಿಗೆ ಕೂತಲ್ಲಿ ಕೂರಲಾಗದು. ನದಿಯ ಫೆರ್ರಿಯಲ್ಲಿ ಸುಮ್ಮನೆ ಆಚೆ ಹೋಗುವಳು, ಸುಮ್ಮನೆ ವಾಪಸ್ ಬರುವಳು. ಆ ಗೆರ್‌ಗಳಲ್ಲಿ ಬಿಟ್ಟುಬಂದ ಉಪಕರಣಗಳು ಗಂಟೆಗೊಮ್ಮೆ ಹೊಗೆ, ಉಷ್ಣತೆಯ ಲೆಕ್ಕ ಕಳಿಸುತ್ತಲೇ ಇದ್ದವು. ಮೂರು ವಾರ ಆ ಫೈಲ್ ತೆರೆಯುವ ಧೈರ್ಯ ಬರಲಿಲ್ಲ.

ತೆರೆದ ದಿನ ಅವಳ ಕಣ್ಣು ಒಂದು ಸಾಲಿನಲ್ಲಿ ಸಿಕ್ಕಿಕೊಂಡಿತು.

ಓಯುನ್ ಅಜ್ಜಿಯ ಮನೆ. ಒಳಗಿನ ಉಷ್ಣತೆ ಮೈನಸ್ ಇಪ್ಪತ್ತಾರು! ನಾಲ್ಕು ದಿನ ಒಲೆ ಉರಿದೇ ಇಲ್ಲ. ಒಲೆ ಆರಿದ್ದು ಯಾವತ್ತು? ಅವಳು ಹೊರಟ ದಿನ ಬೆಳಿಗ್ಗೆ ಆರಕ್ಕೆ...

ಆ ಚಳಿಯಲ್ಲಿ ಮನೆಯಲ್ಲಿ ಜನವಿದ್ದರೆ ಒಲೆ ಆರಲು ಬಿಡುತ್ತಾರೆಯೇ? ದೇವರೇ, ಏನಾಯಿತು ಅಜ್ಜಿಗೆ, ಸುಹಾಸನಿಗೆ?

ಅನ್‌ಬ್ಲಾಕ್ ಮಾಡಿ ಫೋನ್ ಹಚ್ಚಿದಳು. ಎತ್ತಿದ್ದು ಹೆಣ್ಣು ದನಿ.

"ಸುಹಾಸ ಮಲಗಿದಾನೆ. ನಾನು ಅವ್ನ ಅಕ್ಕ ಗೌತಮಿ. ಪರ್ತ್‌ನಲ್ಲಿ ನಮ್ಮನೇಲೇ ಇದಾನೆ. ತಾವು ಯಾರು?"

"ಪ್ರಣತಿ..."

"ನೀವಾ! ಹಿಮಗಾಳಿಲಿ ಆ ಅಜ್ಜಿ ಮಗ ಕುರಿಮಂದೆ ಜೊತೆ ಸಿಕ್ಕಾಕೊಂಡಿದ್ನಂತೆ. ಬೆಳಗಿನ ಜಾವ ಅಜ್ಜಿ ಅಳ್ತಾ ಬಂದು ಇವನ ಬಾಗಿಲು ತಟ್ಟಿದ್ರಂತೆ. ಎಂಟರೊಳಗೆ ವಾಪಸ್ ಬಂದ್ಬಿಡ್ತೀನಿ ಅಂತ ಅಜ್ಜೀನ ಕೂರಿಸ್ಕೊಂಡು ಹೋದ. ಹಿಮದಲ್ಲಿ ಕಾರು ಹೂತ್ಹೋಯ್ತು. ಫೋನ್ ಚಳಿಗೆ ಸತ್ತೋಯ್ತು. ಇವನೇ ನಡ್ಕೊಂಡು ಹೋಗಿ ಜನ ಕರ್ಕೊಂಡು ಬಂದ. ಅಜ್ಜಿ, ಮಗ ಎಲ್ಲಾರೂ ಉಳಿದ್ರು. ಇವನ ಕಾಲಿನ ಎರಡು ಬೆರಳು ಮಾತ್ರ ತೆಗೆಯಬೇಕಾಯ್ತು. ಆಸ್ಪತ್ರೆಯಿಂದ ನಿಮಗೆ ಎಷ್ಟು ಮೆಸೇಜ್ ಮಾಡ್ದ ಗೊತ್ತಾ?"

ಪ್ರಣತಿ ವಿಳಾಸ ಕೇಳಿ ಬರೆದುಕೊಂಡಳು.

ಮರುದಿನ ಮಧ್ಯಾಹ್ನ ಪರ್ತ್‌ನ ಮೋರ್ಲಿಯಲ್ಲಿ, ಶಾಪಿಂಗ್ ಸೆಂಟರ್ ಹಿಂದಿನ ಬೀದಿಯ ಮನೆಯೊಂದರ ಮುಂದೆ ಅವಳು ನಿಂತಿದ್ದಳು. ಗೌತಮಿ ಬಾಗಿಲು ತೆರೆದು, ಹಿತ್ತಲ ಕಡೆ ಕೈ ತೋರಿಸಿ, ಒಳಗೆ ಸರಿದುಹೋದಳು.

ನಿಂಬೆಗಿಡದ ನೆರಳಲ್ಲಿ ಸುಹಾಸ. ಕಾಲಿಗೆ ಬ್ಯಾಂಡೇಜು. ಅವಳನ್ನು ಕಂಡು ಏಳಹೋದವನು ತಡವರಿಸಿದ. ಅವಳು ಓಡಿಹೋಗಿ ಹಿಡಿದಳು.

"ಬ್ಲಾಕ್ ಮಾಡಿದ್ರಲ್ಲ... ಆಡಿದ ಮಾತಿಗೆ ಪಶ್ಚಾತ್ತಾಪ ಆಯ್ತೇನೋ ಅಂದ್ಕೊಂಡೆ," ಎಂದ ಮೆಲ್ಲಗೆ.

"ಪಶ್ಚಾತ್ತಾಪನಾ! ಅವತ್ತು ಸಂಜೆ ಒಂದೇ ಒಂದು ಮಾತು ಆಡಿದ್ರೆ ಏನಾಗ್ತಿತ್ತು ನಿನಗೆ?" ಕೋಪದಲ್ಲಿ 'ನೀವು' ಹೋಗಿ 'ನೀನು' ಬಂದದ್ದು ಅವಳಿಗೇ ತಿಳಿಯಲಿಲ್ಲ. ಕೆನ್ನೆ ತುಂಬ ಕಣ್ಣೀರು.

"ಖುಷಿಗೆ ಮಾತೇ ಬರ್ಲಿಲ್ಲ, ಪ್ರಣತಿ. ರಾತ್ರಿಯೆಲ್ಲಾ ಕೂತು ಏನ್ ಹೇಳ್ಬೇಕು ಅಂತ ಪ್ರಾಕ್ಟೀಸ್ ಮಾಡಿದ್ದೆ."

"ಈಗ ಹೇಳು."

"ಎಲ್ಲಾ ಮರ್ತೋಯ್ತು... ನೀನಂದ್ರೆ ನಂಗೆ ಪ್ರಾಣ. ಅಷ್ಟೇ ನೆನಪಿದೆ."

ಅವಳು ಅವನ ಎದೆಗೆ ಹಣೆಯಾನಿಸಿದಳು. ವರ್ಷಗಟ್ಟಲೆಯ ಅವಳ ಚಡಪಡಿಕೆ ಅಲ್ಲಿ ನಿಧಾನವಾಗಿ ತಣಿಯಿತು.

"ಅಡಿಲೇಡ್‌ಗೆ ಬರ್ತೀಯಾ? ಅಲ್ಲಿ ಗ್ಲೆನೆಲ್ಗ್‌ನಲ್ಲಿ ಒಂದು ಮನೆ ನೋಡಿದೀನಿ. ಸಮುದ್ರದ ಪಕ್ಕ."

"ಕುಂಟ್ಕೊಂಡಾದ್ರೂ ಬರ್ತೀನಿ." ಅವನು ಅವಳ ಕೆನ್ನೆ ಒರೆಸಿದ. "ವಾಪಸ್ ಫ್ಲೈಟ್ ಯಾವಾಗ?"

"ಬುಕ್ ಮಾಡಿಲ್ಲ."

"ಯಾಕೆ?"

"ನೀನು ಹೋಗು ಅಂದಾಗ ಮಾಡೋಣ ಅಂತ..."

ಸುಹಾಸ ನಕ್ಕು ಅವಳ ಬೆರಳುಗಳನ್ನು ತನ್ನ ಅಂಗೈಯೊಳಗೆ ಮುಚ್ಚಿಕೊಂಡ.

"ಹಾಗಾದ್ರೆ ಆ ಟಿಕೆಟ್ಟು ಈ ಜನ್ಮದಲ್ಲಿ ಬುಕ್ ಆಗಲ್ಲ ಬಿಡು!"