ಮೂವತ್ತು ಲೀಟರ್ ನೀರು, ಐದು ಕಿಲೋ ಮಾಲ್ಟ್

"ನಿಮ್ಮ ಲೆಕ್ಕ ನನ್ನ ಅಡುಗೆಮನೆ ತುಂಬ ಹರೀತಿದೆ, ಬಂದು ನೋಡಿ," ಎಂದು ಯಾಮಿಲಾ ಫೋನಿನಲ್ಲಿ ಅಂದದ್ದೇ ತಡ, ಇಸಿದ್ರೊ ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಓಡಿದ. ಎಲ್ ಬೋಲ್ಸೋನ್ ಊರಲ್ಲಿ ಮನೆಯಲ್ಲೇ ಬಿಯರ್ ಮಾಡುವವರಿಗೆಲ್ಲ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳು, ಮಾರುವವನು ಅವನೇ. ಅದರ ಜೊತೆ ಅವನು ಬರೆದುಕೊಡುವ ಲೆಕ್ಕ ತಪ್ಪೆಂದು ಇದುವರೆಗೆ ಯಾರೂ ಅಂದಿರಲಿಲ್ಲ.

ಯಾಮಿಲಾ ಬದಲಿ ಗಣಿತ ಟೀಚರ್. ಶುಕ್ರವಾರ ಊರು ಬಿಡುವವಳು. ಗುರುವಾರದ ಬೀಳ್ಕೊಡುಗೆಗೆ ತಾನೇ ಬಿಯರ್ ಮಾಡಲು ಹೊರಟಿದ್ದಳು. ಇನ್ನೊಂದು ವರ್ಷ ಇರಿ ಎಂದು ಶಾಲೆಯವರು ಕೇಳಿದ್ದರು. ಅವಳಿನ್ನೂ ಹೂಂ ಅಂದಿರಲಿಲ್ಲ. ಆ ಒಂದು ಹೂಂಗಾಗಿ ಇಸಿದ್ರೊ ವಾರದಿಂದ ಸರಿಯಾಗಿ ಉಂಡಿರಲಿಲ್ಲ.

ಒಲೆಯ ಮೇಲೆ ಮೂವತ್ತು ಲೀಟರಿನ ಪಾತ್ರೆ, ಸುತ್ತ ಅಂಟಂಟು ನೀರು. ಕೆಳಮನೆಯ ದೋನ್ಯಾ ಇರ್ಮಾ ಮೆಟ್ಟಿಲ ಬುಡದಲ್ಲಿ ನಿಂತು, "ಟೀಚರಮ್ಮ, ನಮ್ಮ ಸೂರಿಂದ ಗಂಜಿ ತೊಟ್ಟಿಕ್ತಿದೆ. ಬಟ್ಟಲು ಇಡ್ಲಾ?" ಎನ್ನುತ್ತಿದ್ದಳು.

ಯಾಮಿಲಾ ಅವನ ಚೀಟಿಯನ್ನು ಮುಂದೆ ಹಿಡಿದಳು. "ನೀವೇ ಬರೆದಿದ್ದು ತಾನೆ? ಮೂವತ್ತು ನೀರು, ಐದು ಕಿಲೋ ಮಾಲ್ಟ್."

"ನೀರೆಲ್ಲ ಒಂದೇ ಸಲ ಹಾಕಿದ್ರಾ?"

"ಎರಡು ಸಲ ಅಂತ ಎಲ್ಲಿ ಬರೆದಿದೆ?"

ಬರೆದಿರಲಿಲ್ಲ. ಮಾಲ್ಟನ್ನು ಅರ್ಧ ನೀರಲ್ಲಿ ನೆನೆಸಬೇಕು, ಉಳಿದರ್ಧದಲ್ಲಿ ತೊಳೆಯಬೇಕು ಎಂದು ಬರೆಯುವ ಹೊತ್ತಿಗೆ ಸರಿಯಾಗಿ ಅವಳು ಕೌಂಟರಿನ ಮೇಲೆ ಬಾಗಿ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದಳು. ಪೆನ್ನು ಅಲ್ಲಿಗೇ ನಿಂತಿತ್ತು.

ನೆಲ ಒರೆಸಿ, ಹೊಸ ಮಾಲ್ಟ್ ತಂದು, ಇಬ್ಬರೂ ಮೊದಲಿಂದ ಶುರುಮಾಡಿದರು. ಅವಳ ಸಿಟ್ಟು ಇಳಿದು ಕುತೂಹಲ ಏರಿತ್ತು.

"ಬಿಯರ್ ಬರೋದು ಇಪ್ಪತ್ತು ಲೀಟರ್. ಉಳಿದ ಹತ್ತು ಎಲ್ಲಿ ಹೋಗುತ್ತೆ?"

"ಮಾಟೆ ಚಹಾದ ಸೋರೆಬುರುಡೆಯಲ್ಲಿ ಎಲೆ ಮೇಲೆ ಮೊದಲು ಸುರಿದ ನೀರು ಎಲ್ಲಿ ಹೋಗುತ್ತೆ?"

"ಎಲೆ ಕುಡಿದುಬಿಡುತ್ತೆ."

"ಮಾಲ್ಟೂ ಅಷ್ಟೆ, ಕಿಲೋಗೆ ಒಂದು ಲೀಟರ್. ಕುದಿಯುವಾಗ ನಾಲ್ಕು ಆವಿ. ತಳದ ಗಸಿಯಲ್ಲಿ ಒಂದು."

ಲೆಕ್ಕ ಕೂಡಿತು. ಆದರೂ ಅವಳು ನಂಬದೆ, ಸೋಸಿದ ಕಾಳನ್ನು ತಕ್ಕಡಿಗೆ ಹಾಕಿದಳು. "ಏಳೇ ಕಿಲೋ ಇದೆ. ಐದು ಕಿಲೋ ಐದು ಲೀಟರ್ ಕುಡಿದ್ರೆ ಹತ್ತಾಗಬೇಕಲ್ವಾ?"

"ಮೂರು ಕಿಲೋ ಸಿಹಿಯಾಗಿ ನೀರಿಗಿಳೀತು. ನೆಕ್ಕಿ ನೋಡಿ."

ಬೆರಳದ್ದಿ ನೆಕ್ಕಿದವಳ ಕಣ್ಣು ಅರಳಿತು. "ಗುರುವಾರ ಬೀಳ್ಕೊಡುಗೆಗೆ ಎಲ್ಲರೂ ಬೆರಗಾಗ್ತಾರೆ."

ಇಸಿದ್ರೊ ತಲೆ ತಗ್ಗಿಸಿದ. "ಗುರುವಾರಕ್ಕಾಗಲ್ಲ. ಒಂದು ತಿಂಗಳು ಬೇಕು."

"ಗುರುವಾರ ಅಂತ ಮೊದಲೇ ಹೇಳಿದ್ದೆನಲ್ಲ. ಯಾಕೆ ಬಾಯಿಬಿಡಲಿಲ್ಲ?"

"ಬಿಟ್ಟಿದ್ರೆ ಮಾಲ್ಟ್ ಬೇಡ ಅಂತ ಹೊರಟುಬಿಡ್ತಿದ್ರಿ. ನೀವು ಹೋಗೋದು ನಂಗೆ ಇಷ್ಟ ಇಲ್ಲ, ಯಾಮಿಲಾ. ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ."

ಬೈಯುತ್ತಾಳೆ ಎಂದು ಅವನು ಕಾದ. ಅವಳು ಫೋನ್ ಎತ್ತಿ ಹೆಡ್‌ಮಿಸ್ ನಂಬರ್ ಒತ್ತಿದಳು.

"ಮೇಡಂ, ಉಳೀತೀನಿ. ಹೂಂ, ಇಡೀ ವರ್ಷ. ಕಾರಣನಾ? ಬಿಯರ್ ಇನ್ನೂ ಹದಕ್ಕೆ ಬಂದಿಲ್ಲ."

ಫೋನಿಟ್ಟು ಇವನತ್ತ ತಿರುಗಿದಳು. "ಬಾಯಿ ಮುಚ್ಚಿ ಒಲೆ ಹಚ್ಚೋ, ಮಾರಾಯ."

'ಹಚ್ಚೋ' ಎಂದಳು, 'ಹಚ್ಚಿ' ಎನ್ನಲಿಲ್ಲ. ಇಸಿದ್ರೊ ಮೂರು ಕಡ್ಡಿ ಗೀರಿದರೂ ಒಲೆ ಹೊತ್ತಲಿಲ್ಲ. ಗ್ಯಾಸ್ ತಿರುಗಿಸುವುದನ್ನೇ ಮರೆತಿದ್ದ.